ಭಾವ ಸಾಕಿದ ಗಿಂಡಿ

ಮೊನ್ನೆ ಅಡಿಕೆ ಚೇಣಿಯ ಮಾತಿಗೆ ಬಂದಿದ್ದ ಹಿರಿಯರೊಬ್ಬರ ಕೈಗೆ ನಮ್ಮ ಭಾವ ಒಂದು ಬಟ್ಟಲು ಕೊಟ್ಟರು. ಬಟ್ಟಲು ಅಂದರೆ ಎಷ್ಟು ದೊಡ್ಡದು ಅಂತೀರಿ, ಉದ್ಧರಣೆಗೆ ಅಣ್ಣ, ಲೋಟಕ್ಕೆ ಮೊಮ್ಮಗ. ಅದರೊಳಗೆ ಹಾಲಿಲ್ಲದ, ಸಕ್ಕರೆಯಿಲ್ಲದ, ಜೇನಿನ ಬಣ್ಣದ ಎರಡು ಗುಟುಕು ನೀರು. ಹಿರಿಯರು ಅದನ್ನೊಮ್ಮೆ ನೋಡಿದರು, ಭಾವನ ಮುಖ ನೋಡಿದರು, ಬಿಸಿ ಆರಲಿ ಅಂತ ಸ್ವಲ್ಪ ಕಾದರು. ಆಮೇಲೆ ಬಲಗೈಯನ್ನು ಗೋಕರ್ಣದ ಹಾಗೆ ಮಡಚಿ, ಬಟ್ಟಲಿನಲ್ಲಿದ್ದದ್ದನ್ನು ಅದಕ್ಕೆ ಸುರಿದುಕೊಂಡು, ಸದ್ದಾಗದಂತೆ ಕುಡಿದು, ಒದ್ದೆ ಕೈಯನ್ನು ನೆತ್ತಿಗೆ ಸವರಿಕೊಂಡು ಕೇಳಿದರು: "ಯಾವ ಕ್ಷೇತ್ರದ್ದು?"

"ಚೀನಾದ್ದು" ಅಂದರು ಭಾವ.

ಒಳಗೆ ಅಕ್ಕ ನಕ್ಕಿದ್ದು ಹೊರಗೆ ಕೇಳಿಸಿತು. ಎರಡು ನಿಮಿಷದಲ್ಲಿ ಸ್ಟೀಲ್ ಲೋಟದ ತುಂಬ ಕಾಫಿ ಬಂತು. ಚೇಣಿಯ ಮಾತು ಶುರುವಾಗಿದ್ದು ಅದಾದ ಮೇಲೆಯೇ.

ಭಾವನಿಗೆ ಹೀಗೆ ಆಗುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಆಯನೂರು ಅಂದರೆ ಟೀ ಕುಡಿಯುವುದಕ್ಕೆಂದೇ ಬಸ್ಸು ನಿಲ್ಲುವ ಊರು. ಶಿವಮೊಗ್ಗದಿಂದ ಹೊರಟು ತ್ಯಾವರೆಕೊಪ್ಪದ ಹುಲಿ ಸಿಂಹಗಳನ್ನು ದಾಟಿದ ಮೇಲೆ ಸಿಗುತ್ತದೆ. ಭದ್ರಾವತಿಯವರೂ ಶಿವಮೊಗ್ಗದವರೂ ತಮ್ಮ ತಮ್ಮ ಊರಿನ ಪಿತ್ರಾರ್ಜಿತ ಅಂದುಕೊಂಡಿರುವ ಬಿ.ಎಚ್. ರೋಡು, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ, ನಮ್ಮೂರ ಹೊಟ್ಟೆಯೊಳಗೇ ಹಾದುಹೋಗುತ್ತದೆ. ಜೋಗ ನೋಡುವವರು, ರಿಪ್ಪನ್‌ಪೇಟೆ ಕಡೆ ತಿರುಗುವವರು, ಹಣಗೆರೆಕಟ್ಟೆಗೆ ಹರಕೆ ತೀರಿಸಲು ಹೊರಟವರು, ಎಲ್ಲರಿಗೂ ಇಲ್ಲಿಗೆ ಬರುವಷ್ಟರಲ್ಲಿ ಬಾಯಿ ಒಣಗಿರುತ್ತದೆ. ಘಟ್ಟದ ಕೆಳಗಿನವರು ಬಂದು "ಚಾ" ಅನ್ನುತ್ತಾರೆ, ಹುಬ್ಬಳ್ಳಿ ಕಡೆಯ ಲಾರಿಯವರು "ಚಹಾ" ಅನ್ನುತ್ತಾರೆ, ಬೆಂಗಳೂರಿನವರು "ಟೀ" ಅನ್ನುತ್ತಾರೆ. ಮೂವರಿಗೂ ಒಂದೇ ಪಾತ್ರೆಯದ್ದು ಬರುತ್ತದೆ. ಭಾವ ಹೇಳುವ ಪ್ರಕಾರ ಈ ಜಗಳ ಲೋಕದ ತುಂಬ ಇದೆ. ಚೀನಾದಿಂದ ಒಂಟೆ ಕುದುರೆಗಳ ಮೇಲೆ ನೆಲದ ದಾರಿಯಲ್ಲಿ ಹೋದ ಕಡೆಯೆಲ್ಲ ಅದು ಚಾ ಆಯಿತಂತೆ. ಫೂಜಿಯನ್ ಕರಾವಳಿಯವರ "ತೆ" ಅನ್ನುವ ಮಾತನ್ನು ಡಚ್ಚರು ಹಡಗಿನಲ್ಲಿ ಹೊತ್ತುಕೊಂಡು ಹೋದ ಕಡೆ ಟೀ ಆಯಿತಂತೆ. ಹಾಗಾದರೆ ಹೊನ್ನಾವರ ಸಮುದ್ರದ ದಂಡೆಯಲ್ಲಿದ್ದೂ "ಚಾ" ಅನ್ನುತ್ತದಲ್ಲ, ಬೆಂಗಳೂರಿಗೆ ಯಾವ ಹಡಗು ಬಂದಿತ್ತು ಅಂತ ಕೇಳಿದೆ. "ನಿನಗೆ ಎಲ್ಲದಕ್ಕೂ ತಕರಾರು" ಅಂದರು.

ಇದೇ ಭಾವ ಮೂವತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿ ದಿನಕ್ಕೆ ನಾಲ್ಕು ಬೈಟೂ ಕುಡಿದು ನಿವೃತ್ತರಾದವರು. ಬೈಟೂ ಯಾಕೆಂದರೆ ಟೀಗಿಂತ ಜೊತೆಗಾರ ಮುಖ್ಯ, ಕಡತಕ್ಕಿಂತ ಇಬ್ಬರೂ ಮುಖ್ಯ. ಹೋಟೆಲಿನ ಟೀ ಹೇಗಿರುತ್ತದೆ ನಿಮಗೇ ಗೊತ್ತು. ಅಲ್ಯುಮಿನಿಯಂ ಪಾತ್ರೆಯಲ್ಲಿ ಬೆಳಿಗ್ಗೆ ಐದಕ್ಕೆ ಶುರುವಾದ ಕುದಿತ ರಾತ್ರಿ ಒಂಬತ್ತಕ್ಕೆ ಅಂಗಡಿ ಬಾಗಿಲು ಹಾಕಿದ ಮೇಲೂ ಸ್ವಲ್ಪ ಹೊತ್ತು ನಡೆದಿರುತ್ತದೆ. ಸೋಸುವ ಬಟ್ಟೆ ಒಂದು ಕಾಲಕ್ಕೆ ಬಿಳಿ ಇತ್ತು ಅನ್ನುವುದು ನಂಬಿಕೆಯ ವಿಷಯ. ಆ ಬಟ್ಟೆಯನ್ನು ಬದಲಾಯಿಸಿದ ದಿನ ಟೀ ಸಪ್ಪೆಯಾಗಿತ್ತು ಅಂತ ಗಿರಾಕಿಗಳು ಗಲಾಟೆ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಅದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಗಿದ್ದೇನೆಂದರೆ, ಬೆಂಗಳೂರಿನ ಕಂಪನಿಯಲ್ಲಿರುವ ಅಕ್ಕನ ಮಗ ಕೆಲಸದ ಮೇಲೆ ಶಾಂಘಾಯಿಗೆ ಹೋದ. ಬರುವಾಗ ಅಪ್ಪನಿಗೆ ಏನು ತರುವುದು ಅಂತ ತೋಚದೆ ಒಂದು ಮಣ್ಣಿನ ಟೀ ಪಾತ್ರೆ ತಂದ. ಅಂಗೈಯಲ್ಲಿ ಕೂರುವಷ್ಟು, ಸೊಂಡಿಲು ಇರುವ ಪುಟ್ಟ ಪಾತ್ರೆ. ಅಕ್ಕ ನೋಡಿದ ಕೂಡಲೇ "ಅಯ್ಯೋ, ಗಿಂಡಿ" ಅಂದಳು. ಅವತ್ತಿನಿಂದ ಅದರ ಹೆಸರು ಗಿಂಡಿ. ಭಾವ ಮಾತ್ರ "ಯೀಶಿಂಗ್" ಅನ್ನುತ್ತಾರೆ, ಪ್ರತಿ ಸಲ ಮೂಗಿನಲ್ಲಿ ಒಂದೊಂದು ಥರ.

ಯೀಶಿಂಗ್ ಅನ್ನುವುದು ಶಾಂಘಾಯಿಗೆ ಹತ್ತಿರದ ಜಿಯಾಂಗ್‌ಸು ಪ್ರಾಂತ್ಯದ ಒಂದು ಊರು. ಅಲ್ಲಿಯ ಮಣ್ಣಿಗೆ ನೇರಳೆ ಮರಳು ಅನ್ನುವ ಅರ್ಥದ ಹೆಸರಿದೆ. ಕಬ್ಬಿಣದ ಅಂಶ ಜಾಸ್ತಿ ಇರುವ ಮಣ್ಣು, ಸುಟ್ಟರೆ ಇಟ್ಟಿಗೆ ಕೆಂಪಿನಿಂದ ಕಾಚಿನ ಬಣ್ಣದವರೆಗೆ ಬರುತ್ತದೆ. ಮೇಲೆ ಪಿಂಗಾಣಿಯಂಥ ಹೊಳಪಿನ ಲೇಪ ಇಲ್ಲ. ಐನೂರು ವರ್ಷದಿಂದ ಅಲ್ಲಿಯವರು ಇದರಲ್ಲಿ ಟೀ ಕುಡಿಯುತ್ತಿದ್ದಾರೆ. ಲೇಪ ಇಲ್ಲದ್ದರಿಂದ ಮಣ್ಣು ಟೀಯನ್ನು ಚೂರು ಚೂರೇ ಹೀರಿಕೊಂಡು ವರ್ಷಗಟ್ಟಲೆ ಬಳಸಿದ ಮೇಲೆ ತಾನೇ ಹೊಳೆಯುತ್ತದೆ. ಅದಕ್ಕೇ ಒಂದು ಪಾತ್ರೆಗೆ ಒಂದೇ ಜಾತಿಯ ಟೀ. ಸೋಪು ತಾಗಿಸುವ ಹಾಗೇ ಇಲ್ಲ. ಕುಡಿದು ಉಳಿದ ಟೀಯನ್ನು ಪಾತ್ರೆಯ ಮೈಮೇಲೇ ಸುರಿದು, ಬಿಸಿ ಇರುವಾಗಲೇ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಇಷ್ಟನ್ನೂ ಭಾವ ನಿವೃತ್ತಿಯಾದ ಮೇಲೆ ಸಿಕ್ಕ ಬಿಡುವಿನಲ್ಲಿ ಓದಿ, ಕೇಳಿ, ಮೊಬೈಲಿನಲ್ಲಿ ನೋಡಿ ಗಟ್ಟಿ ಮಾಡಿಕೊಂಡರು. "ಚೀನಾದವರು ಇದಕ್ಕೆ ಏನಂತಾರೆ ಗೊತ್ತಾ? ಪಾತ್ರೆ ಸಾಕೋದು ಅಂತಾರೆ. ಮಕ್ಕಳನ್ನ ಸಾಕೋದಕ್ಕೂ ದನ ಸಾಕೋದಕ್ಕೂ ಅವರಲ್ಲಿ ಅದೇ ಪದ."

ಕೊಟ್ಟಿಗೆಯಿಂದ ಬರುತ್ತಿದ್ದ ಅಕ್ಕ ಬಕೆಟ್ಟು ಕೆಳಗಿಟ್ಟಳು. "ನಾನು ಎರಡು ಎಮ್ಮೆ ಸಾಕ್ತೀನಿ. ಇವರು ಒಂದು ಕುಡಿಕೆ ಸಾಕ್ತಾರೆ. ಎಮ್ಮೆ ಹಾಲಾದ್ರೂ ಕೊಡುತ್ತೆ."

ಸಾಕುವ ಕ್ರಮ ಹೇಳುತ್ತೇನೆ ಕೇಳಿ. ಬೆಳಿಗ್ಗೆ ಹತ್ತಕ್ಕೆ ಜಗುಲಿಯಲ್ಲಿ ಮಣೆ ಹಾಕಿ ಕೂರುತ್ತಾರೆ. ಬಿದಿರಿನ ತಟ್ಟೆ, ಗಿಂಡಿ, ಆರು ಬಟ್ಟಲು, ಚಿನ್ನ ತೂಗುವಂಥ ಪುಟಾಣಿ ತಕ್ಕಡಿ. ಐದಾರು ಗ್ರಾಂ ಎಲೆ, ನೂರು ಮಿಲಿಲೀಟರಿನಷ್ಟು ನೀರು. ಮೊದಲು ಬರೀ ಬಿಸಿನೀರಲ್ಲಿ ಗಿಂಡಿಗೆ ಸ್ನಾನ. ಆಮೇಲೆ ಎಲೆ ಹಾಕಿ, ನೀರು ಸುರಿದು, ಆ ಮೊದಲನೇ ನೀರನ್ನು ಚೆಲ್ಲಿಬಿಡುತ್ತಾರೆ. "ಚೆಲ್ಲೋದಾದ್ರೆ ದುಡ್ಡು ಯಾಕೆ ಕೊಟ್ರಿ?" ಅಂತ ಅಕ್ಕ ಕೇಳಿದ ಪ್ರಶ್ನೆಗೆ ಚೀನಾದಲ್ಲೂ ಉತ್ತರ ಇರಲಾರದು. ಎರಡನೇ ನೀರು ಹದಿನೈದು ಸೆಕೆಂಡು, ಮೂರನೆಯದು ಇಪ್ಪತ್ತು, ಹೀಗೆ ಅದೇ ಎಲೆಗೆ ಏಳೆಂಟು ಸಲ. ಈ ಪದ್ಧತಿಯ ಹೆಸರು ಗೊಂಗ್‌ಫು ಚಾ. ಹೌದು, ಕುಂಗ್‌ಫೂ ಅಂತ ನಾವು ಟೆಂಟ್ ಸಿನಿಮಾದಲ್ಲಿ ನೋಡಿದ್ದೆವಲ್ಲ, ಅದೇ ಪದ. ಬೆವರು ಸುರಿಸಿ ಕೈವಶ ಮಾಡಿಕೊಂಡ ಕಸುಬು ಅಂತ ಅರ್ಥ. ಅಲ್ಲಿ ಕಾಲು ಎತ್ತುತ್ತಾರೆ, ಇಲ್ಲಿ ಭಾವನ ಕಾಲು ಜೋಮು ಹಿಡಿಯುತ್ತದೆ.

ತಟ್ಟೆಯ ಮೂಲೆಯಲ್ಲಿ ಒಂದು ಮಣ್ಣಿನ ಕಪ್ಪೆಯೂ ಇದೆ, ಮೂರು ಕಾಲಿನದು. ಅದಕ್ಕೂ ಟೀ ಸುರಿಯಬೇಕು, ಅದೂ ಹೊಳೆಯಬೇಕು, ಮನೆಗೆ ಸಂಪತ್ತು ಬರುತ್ತದಂತೆ. ಮಳೆಗಾಲದಲ್ಲಿ ನಮ್ಮ ಬಚ್ಚಲಿಗೆ ಕರೆಯದೆ ಬರುವ ನಾಲ್ಕು ಕಾಲಿನ ಕಪ್ಪೆಗಳನ್ನು ಪೊರಕೆಯಲ್ಲಿ ಅಟ್ಟುವ ಮನೆಯಲ್ಲಿ ಮೂರು ಕಾಲಿನದಕ್ಕೆ ದಿನವೂ ಅಭಿಷೇಕ. ಪಕ್ಕದ ಮನೆ ಹುಡುಗಿ ಒಂದು ದಿನ ಅದರ ಮುಂದೆ ದಾಸವಾಳ ಇಟ್ಟು ಹೋಗಿದ್ದಳು.

ನಾನು ಭಾವನನ್ನು ಗೇಲಿ ಮಾಡುವುದು ಮೊದಲಿನಿಂದ ಬಂದ ಹಕ್ಕು, ಬಿಡುವ ಹಾಗಿಲ್ಲ. ಆದರೆ ಒಂದು ವಿಷಯದಲ್ಲಿ ಅವರ ಜೊತೆ ಕೂತೆ. ಹೋಟೆಲಿನ ಟೀ ಪುಡಿ ಸಾಸಿವೆಯಂಥ ಹರಳು. ಅದು ಸಿಟಿಸಿ ಯಂತ್ರದ್ದು. 1930ರಲ್ಲಿ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ಮೆಕರ್ಚರ್ ಅನ್ನುವ ಸಾಹೇಬ ಕಂಡುಹಿಡಿದದ್ದು. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಕಾಳು ಮಾಡಿಬಿಡುತ್ತದೆ. ಬೇಗ ಬಣ್ಣ ಬಿಡುತ್ತದೆ, ಹಾಲಿಗೆ ಎದುರು ನಿಲ್ಲುತ್ತದೆ, ಅಗ್ಗ. ಅದರೊಳಗೂ ದರ್ಜೆಗಳಿವೆ, ಕಟ್ಟಕಡೆಯದು ಡಸ್ಟ್, ಅಂದರೆ ಧೂಳು. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಒಂದೊಂದು ಅಡಿಕೆಯನ್ನೂ ಕಣ್ಣಿಗೆ ಹಿಡಿದು ದರ್ಜೆ ಮಾಡುವ ಜನ ನಾವು. ಗೊರಬಲನ್ನು ರಾಶಿಯಲ್ಲಿ ಸೇರಿಸಿದರೆ ಕೊರಳಪಟ್ಟಿ ಹಿಡಿಯುತ್ತೇವೆ. ಅಂಥವರು ದಿನಾ ಬೆಳಿಗ್ಗೆ ಎದ್ದು ದುಡ್ಡು ಕೊಟ್ಟು ಧೂಳು ಕುಡಿಯುತ್ತೇವೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಮಗ ತಂದ ಎಲೆ ಮೂರು ತಿಂಗಳಿಗೆ ಖಾಲಿ. ಆಮೇಲೆ ನೀಲಗಿರಿಯ ಎಲೆ ಟೀ ತರಿಸಿದರು. ಚಿಕ್ಕಮಗಳೂರಿಗೆ ಮದುವೆಗೆ ಹೋದವರು ಮೂಡಿಗೆರೆ ಕಡೆಯ ಕೆಳಗೂರು ಟೀ ಹಿಡಿದುಕೊಂಡು ಬಂದರು. ಕಾಫಿಯ ಜಿಲ್ಲೆಯ ನಟ್ಟನಡುವೆ ಟೀ ತೋಟ ಇಟ್ಟುಕೊಂಡು ಬಾಳುವುದು ಅಂದರೆ ಸುಮ್ಮನೆ ಅಲ್ಲ, ಅತ್ತೆ ಮನೆಯಲ್ಲಿ ಅಳಿಯ ಕಾಯಂ ಉಳಿದ ಹಾಗೆ. ಅದಕ್ಕಾದರೂ ಕುಡಿಯಬೇಕು ಅಂದೆ. ಅಕ್ಕ ಅದನ್ನು ಗಿಂಡಿಗೆ ಹಾಕಲು ಬಿಡಲಿಲ್ಲ. ಹಿತ್ತಿಲಿನ ಮಜ್ಜಿಗೆ ಹುಲ್ಲು, ಜಜ್ಜಿದ ಶುಂಠಿ, ಎಮ್ಮೆ ಹಾಲು ಹಾಕಿ ಕುದಿಸಿದಳು. ಭಾವ ಮುಖ ಸಿಂಡರಿಸಿಕೊಂಡೇ ಎರಡು ಲೋಟ ಕುಡಿದರು.

ಸುರ್ ಅಂತ ಸದ್ದು ಮಾಡಿ ಕುಡಿಯುವುದರ ಬಗ್ಗೆಯೂ ಒಂದು ಮಾತಾಯಿತು. ನಮ್ಮ ಅಜ್ಜ ಟೀಯನ್ನು ಸಾಸರಿಗೆ ಸುರಿದು ಸುರ್ ಎಂದರೆ ಮೂರನೇ ಮನೆಯ ನಾಯಿ ತಲೆ ಎತ್ತುತ್ತಿತ್ತು. ಮರ್ಯಾದೆ ಕಲಿಸುವ ಹೆಸರಿನಲ್ಲಿ ಶಾಲೆಯಲ್ಲಿ ಅದನ್ನು ನಮ್ಮಿಂದ ಬಿಡಿಸಿದರು. ಈಗ ಭಾವ ಹೇಳುತ್ತಾರೆ, ಹರಾಜಿಗೆ ಮೊದಲು ಟೀ ರುಚಿ ನೋಡುವುದಕ್ಕೆಂದೇ ಸಂಬಳ ಪಡೆಯುವವರು ಇದ್ದಾರಂತೆ, ಅವರು ಚಮಚದಿಂದ ಸುರ್ ಎಂದೇ ಎಳೆದುಕೊಳ್ಳುತ್ತಾರಂತೆ. ಗಾಳಿಯ ಜೊತೆ ಸೇರಿ ಬಾಯಿ ತುಂಬ ಹರಡಿದರೇ ಪರಿಮಳ ಮೂಗಿಗೆ ಹತ್ತುವುದು. ಅಜ್ಜ ಸಂಬಳ ಇಲ್ಲದೆ ಆ ಕೆಲಸ ಮಾಡಿ ಹೋದರು.

ಇನ್ನು ಆಷಾಢದ ಕಥೆ. ಆಯನೂರು ತೀರ್ಥಹಳ್ಳಿಯಷ್ಟು ಮಳೆಯ ಊರಲ್ಲ, ಅರೆಮಲೆನಾಡು. ಆದರೂ ಜಡಿ ಹಿಡಿದು ಹದಿನೈದು ದಿನ ಬಿಡದಿದ್ದರೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪಂಚಾಂಗದ ರಟ್ಟಿಗೂ ಬೂಷ್ಟು. ಚೀನಾದ ಶಾಸ್ತ್ರದ ಪ್ರಕಾರ ಗಿಂಡಿಯನ್ನು ಬಿಸಿನೀರಲ್ಲಿ ಜಾಲಿಸಿ, ಮುಚ್ಚಳ ತೆಗೆದು, ಗಾಳಿಯಾಡುವ ಕಡೆ ತಾನಾಗಿ ಒಣಗಲು ಬಿಡಬೇಕು. ಗಾಳಿಯೇ ಒದ್ದೆ ಇರುವ ಊರಿನಲ್ಲಿ ಒಣಗುವುದು ಎಲ್ಲಿಂದ? ಐದನೇ ದಿನ ಮುಚ್ಚಳ ತೆಗೆದರೆ ಒಳಗೆ ಬಿಳೀ ಹತ್ತಿ ಅರಳಿದ ಹಾಗೆ. ಭಾವ ಅವತ್ತು ಊಟ ಮಾಡಲಿಲ್ಲ. ಕುದಿಯುವ ನೀರಲ್ಲಿ ಮೂರು ಸಲ ಅದ್ದಿ ತೆಗೆದು, ಮಗುವಿಗೆ ಜ್ವರ ಬಂದವರ ಹಾಗೆ ಅಂಗೈಯಲ್ಲಿ ಹಿಡಿದುಕೊಂಡು ಜಗುಲಿಯಲ್ಲಿ ಓಡಾಡಿದರು.

ಅಕ್ಕ ಏನೂ ಅನ್ನಲಿಲ್ಲ. ಗಿಂಡಿ ಇಸಿದುಕೊಂಡು ಬಚ್ಚಲೊಲೆಯ ಮೇಲಿನ ಗೂಡಿನಲ್ಲಿ ಬೋರಲು ಹಾಕಿದಳು. ಅಲ್ಲಿ ಮಳೆಗಾಲದುದ್ದಕ್ಕೂ ಅಡಿಕೆ ಸಿಪ್ಪೆಯ ಬೆಂಕಿ ಆರುವುದಿಲ್ಲ. ಬೆಂಕಿಪೊಟ್ಟಣ, ಉಪ್ಪಿನ ಭರಣಿ, ಮೊಮ್ಮಗನ ಕಾಲುಚೀಲ, ಎಲ್ಲವೂ ಅಲ್ಲೇ ಬದುಕಿ ಉಳಿಯುವುದು. ಎರಡು ದಿನಕ್ಕೆ ಗಿಂಡಿ ಗರಿಗರಿ ಒಣಗಿತು. ಆದರೆ ಟೀ ಮಾಡಿದರೆ ಬಚ್ಚಲ ಹೊಗೆಯ ವಾಸನೆ. ನಾನು ನಗಬೇಕು ಅನ್ನುವಷ್ಟರಲ್ಲಿ ಭಾವ ಕಣ್ಣು ಮುಚ್ಚಿ, "ಇದು ಲಾಪ್ಸಾಂಗ್!" ಅಂದರು. ಫೂಜಿಯನ್ನಿನ ವೂಯಿ ಬೆಟ್ಟಗಳಲ್ಲಿ ಪೈನ್ ಮರದ ಹೊಗೆಯಲ್ಲಿ ಎಲೆ ಒಣಗಿಸುತ್ತಾರಂತೆ, ಲಾಪ್ಸಾಂಗ್ ಸೂಚಾಂಗ್ ಅಂತ ಹೆಸರು, ಅದಕ್ಕೆ ಹೊರದೇಶದಲ್ಲೂ ಗಿರಾಕಿಗಳಿದ್ದಾರಂತೆ. ನಮ್ಮಲ್ಲಿ ಅದನ್ನು ಕುಡಿಯಲು ಬಚ್ಚಲಿಗೆ ಹೋದರೆ ಸಾಕು.

ಅವತ್ತು ಆ ಗಿಂಡಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದಾಗ ನನಗೆ ತಟ್ಟನೆ ಹೊಳೆಯಿತು. ಅದರ ಮೈಬಣ್ಣ, ಆ ಮಂಕು ಹೊಳಪು ಎಲ್ಲಿ ನೋಡಿದ್ದೇನೆ? ಚೊಗರು! ಹಸಿ ಅಡಿಕೆ ಸುಲಿದು ತಾಮ್ರದ ಹಂಡೆಯಲ್ಲಿ ಬೇಯಿಸುತ್ತೇವಲ್ಲ, ಬೆಂದ ಮೇಲೆ ಹಂಡೆಯಲ್ಲಿ ಉಳಿಯುವ ಆ ಕೆಂಪು, ಒಗರು ನೀರು. ಅದನ್ನು ನಾವು ಚೆಲ್ಲುವುದಿಲ್ಲ. ಮುಂದಿನ ಬೇಯಿಸುವಿಕೆಗೆ ಅದನ್ನೇ ಸೇರಿಸುತ್ತೇವೆ, ಗಟ್ಟಿ ಮಾಡಿ ಎತ್ತಿಡುತ್ತೇವೆ, ಬೆಂದ ಅಡಿಕೆಗೆ ಹಚ್ಚುತ್ತೇವೆ. ಬಿಸಿಲಿಗೆ ಒಣಗಿದರೆ ಅಡಿಕೆಗೆ ಆ ಕೆಂಪು, ಆ ಹೊಳಪು. ಮಂಡಿಯಲ್ಲಿ ದರ ನಿಲ್ಲುವುದೇ ಅದರ ಮೇಲೆ. ಟೀಯಲ್ಲಿರುವುದೂ ಅದೇ ಒಗರು, ಅಡಿಕೆಯಲ್ಲಿರುವುದೂ ಅದೇ ಒಗರು, ಟ್ಯಾನಿನ್ ಅನ್ನುತ್ತಾರಲ್ಲ, ಅದು. ಟೀಯನ್ನು ಗಿಂಡಿಯ ಮೈಗೆ ಸುರಿದು ಒರೆಸಿ ಬಣ್ಣ ಬರಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಂಗಳದ ತುಂಬ ಕ್ವಿಂಟಾಲುಗಟ್ಟಲೆ ಸಾಕಿದವರು ನಾವು, ಒಂದು ಗಿಂಡಿ ಸಾಕುವುದನ್ನು ಚೀನಾದಿಂದ ಕಲಿಯುತ್ತಿದ್ದೇವೆ! ಹೋಟೆಲಿನ ಆ ಸೋಸುವ ಬಟ್ಟೆ ನೆನಪಿರಲಿ ಅಂದೆನಲ್ಲ, ಅದೂ ಇದೇ. ನಮ್ಮೂರಿನ ಯೀಶಿಂಗ್ ಅದು.

ನಾನು ಇದನ್ನು ಬಹಳ ದೊಡ್ಡ ಶೋಧ ಮಾಡಿದವನ ಹಾಗೆ ಹೇಳಿದೆ. ಭಾವ ಒಪ್ಪಿದರು, ತೊಡೆ ತಟ್ಟಿದರು. ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಒಳಗೆ ಹೋಗಿ ದೋಸೆ ಕಾವಲಿ ತಂದು ಮಣೆಯ ಮೇಲೆ, ಗಿಂಡಿಯ ಪಕ್ಕ, ಧಡ್ ಅಂತ ಇಟ್ಟಳು.

"ಇದನ್ನ ಅಮ್ಮ ನನ್ನ ಮದುವೆಗೆ ಭದ್ರಾವತಿಯಲ್ಲಿ ಕೊಡಿಸಿದ್ದು. ಎರಕದ್ದು. ಒಂದು ವಾರ ಅಕ್ಕಚ್ಚಲ್ಲಿ ನೆನೆಸಿಟ್ಟಿದ್ದೆ. ಆಮೇಲೆ ಎಣ್ಣೆ, ಈರುಳ್ಳಿ, ಎಣ್ಣೆ, ಈರುಳ್ಳಿ. ಮೊದಲ ಒಂದು ತಿಂಗಳ ದೋಸೆ ಎಲ್ಲ ಎಮ್ಮೆಗೇ ಹೋಗಿದ್ದು. ಇವತ್ತಿನವರೆಗೂ ಸೋಪು ತಾಗಿಲ್ಲ. ದೋಸೆ ಬಿಟ್ಟರೆ ಬೇರೆ ಏನೂ ಹಾಕಿಲ್ಲ, ಚಪಾತಿದೇ ಬೇರೆ. ಬೇರೆಯವರ ಕೈಗೆ ಕೊಟ್ಟಿಲ್ಲ. ನಲವತ್ತು ವರ್ಷ ಆಯ್ತು. ಇದಕ್ಕೆ ಚೀನಾದಲ್ಲಿ ಏನಂತಾರೆ?"

ಇಬ್ಬರೂ ಕಾವಲಿ ನೋಡಿದೆವು. ಮುಖ ಕಾಣಿಸುವಷ್ಟು ಕಪ್ಪಗೆ ಹೊಳೆಯುತ್ತಿತ್ತು. ನಮ್ಮಪ್ಪ ಕೆಲಸಕ್ಕಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಮೊದಲ ಕುಲುಮೆ ಹೊತ್ತಿದಾಗ ಕೆಮ್ಮಣ್ಣುಗುಂಡಿಯ ಅದಿರೇ ಅದಕ್ಕೆ ಆಹಾರ. ಯೀಶಿಂಗ್ ಮಣ್ಣಿನ ಕೆಂಪಿಗೂ ನಮ್ಮ ಕೆಮ್ಮಣ್ಣಿನ ಕೆಂಪಿಗೂ ಕಾರಣ ಒಂದೇ, ಕಬ್ಬಿಣ. ಇದನ್ನೂ ಹೇಳೋಣ ಅಂದುಕೊಂಡೆ. ಅಕ್ಕನ ಮುಖ ನೋಡಿ ನುಂಗಿಕೊಂಡೆ.

"ಇವರು ಮಾಡಿದ್ರೆ ಹವ್ಯಾಸ" ಅಂದಳು. "ನಾನು ಮಾಡಿದ್ರೆ ಪಾತ್ರೆ ತಿಕ್ಕೋದು."

ಹಿಂದೆ ಊರಿಗೆ ಕಲಾಯಿಯವರು ಬರುತ್ತಿದ್ದರು. ಹುಣಸೆ ಮರದ ಬುಡದಲ್ಲಿ ಕುಳಿ ತೋಡಿ, ತಿದಿ ಒತ್ತಿ, ಕಾದ ಹಿತ್ತಾಳೆ ಪಾತ್ರೆಗೆ ನವಸಾಗರದ ಪುಡಿ ಎಸೆದು, ತವರ ಮುಟ್ಟಿಸಿ, ಹತ್ತಿಯಲ್ಲಿ ಒಂದು ಸುತ್ತು ಹೊಡೆದರೆ ಒಳಗೆ ಬೆಳ್ಳಿ ಹುಟ್ಟಿದ ಹಾಗೆ. ನಾವು ಹುಡುಗರು ಬಾಯಿ ಬಿಟ್ಟುಕೊಂಡು ಅದನ್ನು ನೋಡುತ್ತಿದ್ದೆವು. ಯಾವ ಪಾತ್ರೆಗೆ ಯಾವಾಗ ಕಲಾಯಿ ಸವೆದಿದೆ, ಯಾವುದರಲ್ಲಿ ಮಜ್ಜಿಗೆ ಇಟ್ಟರೆ ಕಿಲುಬು ಬರುತ್ತದೆ ಅಂತ ಲೆಕ್ಕ ಇಟ್ಟುಕೊಂಡು ಹೊರಗೆ ತಂದಿಡುತ್ತಿದ್ದವಳು ಅಮ್ಮ. ಅವಳನ್ನು ಯಾರೂ ನೋಡುತ್ತಿರಲಿಲ್ಲ.

ಇಷ್ಟಾದ ಮೇಲೆ ಅಕ್ಕ ನಾಲ್ಕು ದಿನಕ್ಕೆ ಭದ್ರಾವತಿಗೆ ಹೊರಟಳು, ಚಿಕ್ಕಮ್ಮನ ಮನೆಯ ಸೀಮಂತಕ್ಕೆ. ಹೋಗುವಾಗ ಹಿಟ್ಟು ರುಬ್ಬಿಟ್ಟು ಭಾವನಿಗೆ ಹೇಳಿದಳು: "ಸಾಕೋದರಲ್ಲಿ ನೀವು ಪಳಗಿದ್ದೀರಲ್ಲ. ಕಾವಲಿ ನಿಮ್ಮ ಕೈಲಿ ಬಿಟ್ಟಿದೀನಿ." ಎಮ್ಮೆಗಳ ಜವಾಬ್ದಾರಿ ನನ್ನ ಪಾಲಿಗೆ ಬಂತು. ನಾನು ಯಾವ ಹವ್ಯಾಸದ ಬಗ್ಗೆಯೂ ಬಾಯಿ ಬಿಡಬಾರದಿತ್ತು.

ಮೊದಲ ದಿನ ಚೆನ್ನಾಗಿಯೇ ನಡೆಯಿತು. ಭಾವ ಹೊಯ್ದ ದೋಸೆ ಕಾವಲಿಯಿಂದ ತಾನಾಗಿ ಎದ್ದು ಬಂತು. ಅರ್ಧ ಈರುಳ್ಳಿ ಚುಚ್ಚಿದ ಕಡ್ಡಿ ಹಿಡಿದು ಅವರು ನನ್ನ ಕಡೆ ನೋಡಿದ ನೋಟ ಇತ್ತಲ್ಲ, ಚೀನಾದ ಚಕ್ರವರ್ತಿಗಳಿಗೂ ಇದ್ದಿರಲಾರದು. ಎರಡನೇ ದಿನ ಮೊದಲ ದೋಸೆ ಹರಿಯಿತು. "ಬೆಂಕಿ ಜಾಸ್ತಿ ಆಯ್ತು" ಅಂದರು. ಎರಡನೆಯದು ನಡುವೆ ಕಚ್ಚಿಕೊಂಡಿತು. ಮೂರನೆಯದನ್ನು ಮಚ್ಚಿನ ಮೊನೆಯಲ್ಲಿ ಕೆರೆಯಬೇಕಾಯಿತು. ನಾನು ಎಮ್ಮೆಗಳ ಬಾನಿ ತಂದು ಪಕ್ಕದಲ್ಲೇ ಇಟ್ಟೆ, ಓಡಾಟ ಉಳಿಯಲಿ ಅಂತ.

ಕೊನೆಗೆ ಫೋನು ಮಾಡಿದರು. ಅಕ್ಕನ ದನಿ ನನಗೂ ಕೇಳಿಸುತ್ತಿತ್ತು.

"ಈರುಳ್ಳಿ ಉಜ್ಜಿದ್ರಾ?"

"ಉಜ್ಜಿದೆ."

"ಎಣ್ಣೆ?"

"ಹಾಕಿದೆ."

"ನಿನ್ನೆ ರಾತ್ರಿ ಏತರಲ್ಲಿ ತೊಳೆದ್ರಿ?"

ಭಾವ ಗೋಡೆಯ ಕಡೆ ತಿರುಗಿದರು. "ಅಲ್ಲ, ಜಿಡ್ಡು ಬಹಳ ಇತ್ತಲ್ಲ. ಒಂಚೂರೇ ಚೂರು ಸೋಪು..."

ಆ ಕಡೆಯಿಂದ ಮಾತೇ ಇಲ್ಲ. ಸೀಮಂತದ ಮನೆಯ ಗದ್ದಲ ಮಾತ್ರ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಭಾವ ಫೋನು ಕಿವಿಯಿಂದ ಇಳಿಸಿ, ಜೇಬಿನಲ್ಲಿಟ್ಟು, ಬಹಳ ಹೊತ್ತು ಕಾವಲಿಯನ್ನೇ ನೋಡುತ್ತ ನಿಂತರು. ಆಮೇಲೆ ದನಿ ತಗ್ಗಿಸಿ, ನಿವೃತ್ತಿಯ ಮೊದಲಿನ ಕಚೇರಿಯ ದನಿಯಲ್ಲಿ ಅಂದರು: "ಹೋಟ್ಲಿಗೆ ಹೋಗಿ ಒಂದು ಬೈಟೂ ಹಾಕ್ಕೊಂಡು ಬರೋಣ ನಡಿ. ಹಂಗೇ... ಅಲ್ಲ ಮಾರಾಯ, ಇದಕ್ಕೆ ಒಂಚೂರು ಚೊಗರು ಹಚ್ಚಿದರೆ ಹೆಂಗೆ?"